ನೀರು ಹಾಕದೆ ಮರಿ ಮಾಡಿಸಿದ್ದು: ತುಂಗಭದ್ರೆಯ ಆಮೆಗಳ ಜೊತೆ ನನ್ನ ಅನುಭವ

2024ರ ಹುಬ್ಬೆ, ಉತ್ತರೆ, ಹಸ್ತ ಮಳೆಗಳಲ್ಲಿ ಮಣ್ಣು ಸೇರಿದ ಫ್ಲ್ಯಾಪ್‌ಶೆಲ್ ಆಮೆಯ (ಹೊಳೆ, ಗದ್ದೆಗಳಲ್ಲಿ ಬದುಕುವ ಮೆತ್ತನೆ ಚಿಪ್ಪಿನ ಆಮೆ) ಮೊಟ್ಟೆಗಳು 2025ರ ರೋಹಿಣಿ ಮಳೆಗೆ ಒಡೆದವು. ಹತ್ತಕ್ಕೆ ಏಳರ ಹತ್ತಿರ ಮರಿ ಬಂದವು. ಮಳೆ ಬರುವವರೆಗಿನ ಅಷ್ಟೂ ತಿಂಗಳು ಆ ಮೊಟ್ಟೆಗಳಿಗೆ ನಾನು ಒಂದು ಹನಿ ನೀರು ಹಾಕಿರಲಿಲ್ಲ, ಬಿಸಿ ಕೊಟ್ಟಿರಲಿಲ್ಲ, ನೆರಳು ಕಟ್ಟಿರಲಿಲ್ಲ. ಕೊಳೆತ ಮೊಟ್ಟೆಗೆ ಕಾವಲು ಕೂತಿದ್ದೀರಿ ಎಂದು ಅವತ್ತು ಹೇಳಿದವರೇ ಈಗ ಫೋನ್ ಮಾಡಿ, ಹೇಗೆ ಮಾಡಿದ್ರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಕೃಷ್ಣಾ, ಭೀಮಾ, ಕಾವೇರಿ ದಂಡೆಯಲ್ಲಿ ಇದೇ ಕೆಲಸ ಮಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ಗೂಡು ಬಿಚ್ಚುವುದು, ಮೊಟ್ಟೆಯ ನೆತ್ತಿಗೆ ಪೆನ್ಸಿಲ್ ಗುರುತು ಹಾಕುವುದು, ತಿರುಗಿಸದೆ ಎತ್ತುವುದು ನಿಮಗೆ ಗೊತ್ತೇ ಇದೆ. ಅದಕ್ಕೆ ಹೋಗುವುದಿಲ್ಲ. ಅಂಕಿಗಳು ನೆನಪಿನಿಂದ ಬಂದವು, ಹತ್ತಿಪ್ಪತ್ತು ಹಿಂದುಮುಂದು ಇರಬಹುದು. ಒಂದು ಮಾತು ಮಾತ್ರ ಮೊದಲೇ ಹೇಳುತ್ತೇನೆ. ಈ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಕೈಯಲ್ಲಿಲ್ಲದೆ ಒಂದು ಮೊಟ್ಟೆಯನ್ನೂ ಮುಟ್ಟಬೇಡಿ. ನನಗೆ ಆ ಪತ್ರ ಸಿಗಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅಲ್ಲಿಯವರೆಗೆ ಗೂಡಿಗೆ ಬೇಲಿ ಕಟ್ಟುವುದು, ರೈತರ ಜೊತೆ ಮಾತಾಡುವುದು, ಇಷ್ಟೇ ಮಾಡಿದ್ದು.

ನಮ್ಮ ಜಾಗ ಹೊಸಪೇಟೆ ಅಣೆಕಟ್ಟಿನ ಕೆಳಗೆ, ಕಂಪ್ಲಿಯ ಮೇಲೆ, ಎಡದಂಡೆಯಲ್ಲಿ. ಬಂಡೆ, ಮಡು, ನಡುಗಡ್ಡೆ ತುಂಬಿದ ನದಿ. ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ನೀರುನಾಯಿಯ ಹೆಸರಿನಲ್ಲಿ ಮೊಸಳೆ, ಮೀನು, ಆಮೆಗಳಿಗೂ ಒಂದಷ್ಟು ಆಸರೆ ಸಿಕ್ಕಿತು. ಆದರೆ ಮೀಸಲು ಇರುವುದು ನದಿಗೆ. ಆಮೆ ಮೊಟ್ಟೆ ಇಡುವುದು ನೀರು ಬಿಟ್ಟು ಮೇಲೆ ಬಂದು, ರೈತರ ಬದುವಿನಲ್ಲಿ, ಬಾಳೆ ತೋಟದ ಅಂಚಿನಲ್ಲಿ, ಕಾಲುವೆ ಏರಿಯ ಮೇಲೆ. ನಮ್ಮ ಕಷ್ಟವೆಲ್ಲ ಶುರುವಾಗುವುದು ಅಲ್ಲೇ.

ಈ ನದಿಯ ನೀರನ್ನು ಹೊಲಕ್ಕೆ ತಿರುಗಿಸುವ ಕೆಲಸ ವಿಜಯನಗರದ ಕಾಲದಿಂದ ನಡೆದಿದೆ. ತುರುತ್ತು ಕಾಲುವೆ ಈಗಲೂ ಹರಿಯುತ್ತಿದೆ, ಅದರ ಕೆಳಗೆ ಬಾಳೆ, ಕಬ್ಬು ನಿಂತಿವೆ. 16ನೇ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ಹೊಳೆ ದಾಟುತ್ತಾರೆ, ಒಳಗೆ ಬೆತ್ತ, ಹೊರಗೆ ಚರ್ಮ ಎಂದು ಬರೆದಿಟ್ಟಿದ್ದಾನೆ. ಅದೇ ಹರಿಗೋಲಿನಲ್ಲಿ ನಾವು ನಡುಗಡ್ಡೆಗಳಿಗೆ ಗೂಡು ನೋಡಲು ಹೋಗುತ್ತೇವೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಟಾರು ಬಂದಿದೆ ಅಷ್ಟೇ. ಇನ್ನೂ ಹಿಂದೆ ಹೋದರೆ ಅಶೋಕ ಸಿಗುತ್ತಾನೆ. ಅವನ ಐದನೇ ಸ್ತಂಭ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಇದೆ, ಅದರಲ್ಲಿ ಆಮೆಯೂ ಇದೆ. ಆ ಸ್ತಂಭಗಳು ಉತ್ತರದಲ್ಲಿವೆ. ನಮ್ಮ ಹೊಳೆಯ ಆಚೆ ದಂಡೆಯ ನಿಟ್ಟೂರು, ಉದೇಗೋಳದಲ್ಲಿ ಇರುವುದು ಅವನ ಬೇರೆ ಶಾಸನಗಳು. ಆದರೂ ಶಾಲೆಗಳಿಗೆ ಹೋದಾಗ ನಾನು ಈ ಪಟ್ಟಿಯಿಂದಲೇ ಮಾತು ಶುರು ಮಾಡುತ್ತೇನೆ. ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ.

1953ರಲ್ಲಿ ಅಣೆಕಟ್ಟು ಮುಗಿದ ಮೇಲೆ ಎಡದಂಡೆಯ ಒಣಭೂಮಿ ಭತ್ತದ ಗದ್ದೆಯಾಯಿತು. ಗಂಗಾವತಿ ಸುತ್ತ ಎರಡು ಬೆಳೆ. ಮುಂಗಾರು ಬೆಳೆ ಕೊಯ್ದ ಮೇಲೆ ಚಳಿಗಾಲದಲ್ಲೇ ಮತ್ತೆ ಕಾಲುವೆ ನೀರು, ಮತ್ತೆ ಕೆಸರು, ಮತ್ತೆ ನಾಟಿ. ಇದು ಆಮೆಗೆ ಒಂದು ಕಡೆ ಲಾಭ. ಬಸವನಹುಳು, ಕಪ್ಪೆ, ಸಣ್ಣ ಮೀನು ವರ್ಷವಿಡೀ ಸಿಗುತ್ತವೆ. ಇನ್ನೊಂದು ಕಡೆ ನಷ್ಟ. ಈ ಆಮೆಯ ಮೊಟ್ಟೆ ಮಳೆಗಾಲದ ಕೊನೆಯಿಂದ ಮುಂದಿನ ಮುಂಗಾರಿನವರೆಗೆ ಮಣ್ಣಲ್ಲೇ ಇರಬೇಕು. ಅಷ್ಟರಲ್ಲಿ ಆ ಮಣ್ಣಿನ ಮೇಲೆ ಟ್ರ್ಯಾಕ್ಟರಿನ ರೊಟಾವೇಟರ್, ಕೆಸರು ತುಳಿಯುವ ಕೇಜ್‌ವೀಲ್ ಎರಡೂ ಓಡಿರುತ್ತವೆ. ಓಡದಿದ್ದರೂ ನೀರು ಜಿನುಗಿ ತಿಂಗಳುಗಟ್ಟಲೆ ಒದ್ದೆ ನಿಂತಿರುತ್ತದೆ. ಈ ಎರಡನೇ ವಿಷಯದ ತೂಕ ನಮಗೆ ತಿಳಿದದ್ದು ತುಂಬಾ ತಡವಾಗಿ.

ಸೋತ ವರ್ಷಗಳ ಲೆಕ್ಕ ಕೊಡುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಕೆಲವರು ಈಗ ಅಲ್ಲೇ ಇದ್ದೀರಿ.

ಮೊದಲು ಹಿಡಿದದ್ದು ಕರಾವಳಿಯ ದಾರಿ. ಹೊನ್ನಾವರ, ಕುಂದಾಪುರ ಕಡೆ ಕಡಲಾಮೆ ಹ್ಯಾಚರಿಗಳನ್ನು ನೋಡಿ ಬಂದಿದ್ದೆವು. ಆಲಿವ್ ರಿಡ್ಲಿ ಮೊಟ್ಟೆ ಮರಳಲ್ಲಿ ನಲವತ್ತೈದರಿಂದ ಅರವತ್ತು ದಿನಕ್ಕೆ ಒಡೆಯುತ್ತದೆ. ನಾವೂ ಹೊಳೆ ಮರಳು ತಂದು, ಗುಂಡಿ ತೋಡಿ, ಆಗಾಗ ನೀರು ಚಿಮುಕಿಸಿ ಕಾದೆವು. ಎರಡು ತಿಂಗಳು ಆಯಿತು, ಮೂರಾಯಿತು. ಬಗೆದು ನೋಡಿದರೆ ಬೂಷ್ಟು. ಮರಳು, ಸಾಗಾಣಿಕೆ, ಚಪ್ಪರ, ಕಾವಲು ಸೇರಿ ಮೂವತ್ತು ಸಾವಿರದ ಹತ್ತಿರ ಖರ್ಚಾಗಿತ್ತು. ಒಂದು ಮರಿಯೂ ಬರಲಿಲ್ಲ.

ಮುಂದಿನ ಸೀಸನ್‌ಗೆ ಇನ್‌ಕ್ಯುಬೇಟರ್. ಥರ್ಮೋಕೋಲ್ ಪೆಟ್ಟಿಗೆ, ಥರ್ಮೋಸ್ಟಾಟ್, ಮೊಟ್ಟೆ ಇಡಲು ವರ್ಮಿಕ್ಯುಲೈಟ್ ಎನ್ನುವ ಹಗುರ ಖನಿಜದ ಪುಡಿ, ಯುಪಿಎಸ್ ಎಲ್ಲ ಸೇರಿ ಹದಿನೆಂಟು ಸಾವಿರ ಬಿತ್ತು. ಮೂವತ್ತು ಡಿಗ್ರಿಗೆ ಇಟ್ಟರೆ ಮುಗಿಯಿತು ಎಂದು ಸಲಹೆ ಕೊಟ್ಟವರು ಒಬ್ಬ ದೊಡ್ಡ ಮನುಷ್ಯರು. ಟಾರ್ಚ್ ಹಿಡಿದು ನೋಡಿದಾಗಲೆಲ್ಲ ಮೊಟ್ಟೆ ಹಾಗೇ ಇರುತ್ತಿತ್ತು. ರಕ್ತನಾಳ ಇಲ್ಲ, ಕಪ್ಪು ಚುಕ್ಕೆ ಇಲ್ಲ. ಹಾಗಂತ ಕೆಟ್ಟ ವಾಸನೆಯೂ ಇಲ್ಲ. ಜನವರಿ ಹೊತ್ತಿಗೆ ಒಂದೊಂದಾಗಿ ಕಪ್ಪಾದವು. ಪೆಟ್ಟಿಗೆ ಈಗ ಊರಿನ ಒಬ್ಬ ಹುಡುಗನ ಹತ್ತಿರ ಇದೆ, ಕೋಳಿಮರಿ ಮಾಡಿಸುತ್ತಾನೆ, ಚೆನ್ನಾಗಿ ನಡೆಯುತ್ತಿದೆ.

ಅದರ ನಡುವೆ ಇರುವೆ. ಕೆಂಪಿರುವೆ ಎಷ್ಟು ಮೊಟ್ಟೆ ತಿಂದಿದೆ ಎಂದು ಕೇಳಬೇಡಿ. ನಾಯಿ, ನರಿ, ಮುಂಗುಸಿ, ಉಡ, ಕಾಡುಹಂದಿ ಎಲ್ಲಕ್ಕೂ ಬಲೆ ಇದೆ. ಇರುವೆಗೆ ಇಲ್ಲ. ಚಿಪ್ಪಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಒಳಗೆ ಹೋಗುತ್ತವೆ.

ದುಡ್ಡು ಕೊಟ್ಟು ಗೂಡು ಹುಡುಕಿಸುವುದರಲ್ಲೂ ಪಾಠ ಕಲಿತೆವು. ಗೂಡು ತೋರಿಸಿದವರಿಗೆ ಮುನ್ನೂರು ರೂಪಾಯಿ ಎಂದು ಶುರುವಿನಲ್ಲಿ ಘೋಷಿಸಿದ್ದೆವು. ವಾರದೊಳಗೆ ಹುಡುಗರು ಮೊಟ್ಟೆಗಳನ್ನೇ ಚೀಲದಲ್ಲಿ ಹಾಕಿಕೊಂಡು, ಸೈಕಲ್ ಹ್ಯಾಂಡಲ್‌ಗೆ ತೂಗು ಹಾಕಿ ತಂದರು. ಉರುಳಿ ಕುಲುಕಿದ ಮೊಟ್ಟೆ ಯಾವುದಕ್ಕೂ ಬರುವುದಿಲ್ಲ. ಈಗಿನ ಕ್ರಮ ಬೇರೆ. ಮುಟ್ಟದೆ ತೋರಿಸಿದರೆ ನೂರು. ಮರಿ ಬಂದ ದಿನ ಇನ್ನು ನಾನೂರು. ಕೈಗೆ ಬರಬೇಕಾದ ದುಡ್ಡು ಮುಂಗಾರಿನಲ್ಲಿ ಇದೆ ಎಂದಾಗ ಎಂಟು ತಿಂಗಳು ಆ ಜಾಗವನ್ನು ಅವರೇ ಕಾಯುತ್ತಾರೆ. ಇದನ್ನು ನೀವೂ ಮಾಡಿ. ಇದಕ್ಕಿಂತ ಅಗ್ಗದ ಕಾವಲು ಇಲ್ಲ.

ಇನ್ನು ದಾರಿ ಸಿಕ್ಕಿದ್ದು ಹೇಗೆ ಎಂದು ಹೇಳುತ್ತೇನೆ.

2023 ಬರದ ವರ್ಷ ಅಲ್ವಾ. ನಮ್ಮ ಭಾಗದ ಗದ್ದೆಗಳಲ್ಲಿ ಆ ಸಲ ಎರಡನೇ ಬೆಳೆ ಆಗಲಿಲ್ಲ. ಚಳಿಗಾಲ, ಬೇಸಿಗೆ ಪೂರ್ತಿ ನೆಲ ಬೀಳು ಬಿದ್ದಿತ್ತು, ಬಿರುಕು ಬಿಟ್ಟಿತ್ತು. ಆ ಮಣ್ಣಿನಲ್ಲಿ ನಾವು ಗುರುತಿಟ್ಟು ಬಿಟ್ಟಿದ್ದ ಒಂದಷ್ಟು ಗೂಡುಗಳಿದ್ದವು. ಹಿಂದಿನ ವರ್ಷಗಳ ಅನುಭವದಿಂದ ನಾನು ಅವುಗಳ ಆಸೆ ಇಟ್ಟುಕೊಂಡಿರಲಿಲ್ಲ. ಹೊಳೆದಂಡೆಯ ಅಂಬಿಗರ ಹಿರಿಯರೊಬ್ಬರು, ನಾವೆಲ್ಲ ಅಜ್ಜ ಎನ್ನುತ್ತೇವೆ, ಒಂದೇ ಮಾತು ಹೇಳುತ್ತಿದ್ದರು. "ತಮ್ಮಾ, ತತ್ತಿ ಸತ್ತಿಲ್ಲ, ಮಲಗ್ಯಾವ. ಮಿರಗ ಬರ್ಲಿ, ತಾವಾ ಏಳ್ತಾವ." 2024ರ ಜೂನ್‌ನಲ್ಲಿ ಮೃಗಶಿರ ಮಳೆ ಚೆನ್ನಾಗಿ ಬಿದ್ದ ಮರುದಿನ ಬೆಳಿಗ್ಗೆ ಬದುವಿನ ಮೇಲೆ ಮರಿಗಳು ಓಡಾಡುತ್ತಿದ್ದವು. ಒಂದು ಗೂಡಲ್ಲ, ಹಲವು ಗೂಡುಗಳಿಂದ.

ಮೊಟ್ಟೆಯೊಳಗೆ ಭ್ರೂಣ ಬೆಳವಣಿಗೆ ನಿಲ್ಲಿಸಿ ಮಲಗುತ್ತದೆ ಎನ್ನುವುದು ತಜ್ಞರಿಗೆ ಹೊಸದಲ್ಲ. ಈ ಜಾತಿಯ ಬಗ್ಗೆ ಅದು ತಿಳಿದ ವಿಷಯವೇ. ಆದರೆ ಹೊಲದಲ್ಲಿ ಕೆಲಸ ಮಾಡುವವನಿಗೆ ಬೇಕಾದದ್ದು ಬೇರೆ. ಆ ನಿದ್ದೆಗೆ ಏನು ಬೇಕು, ಯಾವುದು ಅದನ್ನು ಕೆಡಿಸುತ್ತದೆ? ಬರದ ವರ್ಷ ಅದನ್ನು ತೋರಿಸಿತು. ಮೊದಲು ಚಳಿಯ ತಂಪು, ಆಮೇಲೆ ಬೇಸಿಗೆಯ ಕಾವು, ಕೊನೆಗೆ ಮಳೆ. ಈ ಸಾಲಿನಲ್ಲೇ ಬರಬೇಕು. ನಡುವೆ ಒದ್ದೆ ಆಗಬಾರದು. ಇನ್‌ಕ್ಯುಬೇಟರ್‌ನಲ್ಲಿ ಚಳಿಗಾಲವೇ ಇರಲಿಲ್ಲ. ಮರಳು ಗುಂಡಿಯಲ್ಲಿ ನಾವೇ ನೀರು ಹಾಕಿ ಕೊಳೆಸುತ್ತಿದ್ದೆವು. ಎರಡು ಬೆಳೆಯ ಗದ್ದೆಯಲ್ಲಿ ಕಾಲುವೆ ಅದೇ ಕೆಲಸ ಮಾಡುತ್ತಿತ್ತು.

ಹಾಗಾಗಿ 2024ರ ಮಳೆಗಾಲಕ್ಕೆ ಎಲ್ಲ ಬದಲಿಸಿದೆ. ಅಪಾಯದಲ್ಲಿರುವ ಗೂಡುಗಳನ್ನು ಮಾತ್ರ ಎತ್ತುವುದು, ನೀರಾವರಿ ಮುಟ್ಟದ ಎತ್ತರದ ದಿಬ್ಬದಲ್ಲಿ ಹೂಳುವುದು, ಆಮೇಲೆ ಮುಟ್ಟದಿರುವುದು. ದಿಬ್ಬ ನಮ್ಮ ಸಂಬಂಧಿಕರದು, ಜಾಲಿ ಬೆಳೆದು ಬಿದ್ದಿತ್ತು. ಅದಕ್ಕೊಂದು ಪರೀಕ್ಷೆಯೂ ತಾನಾಗಿ ಬಂತು. ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿ ಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ಸುಮಾರು ಲಕ್ಷ ಕ್ಯುಸೆಕ್ ನೀರು ಹೊಳೆಗೆ ಬಂತು. ಹಂಪಿಯ ಪುರಂದರ ಮಂಟಪ ಎಷ್ಟು ಮುಳುಗಿದೆ ಎಂದು ನೋಡಿಯೇ ನಮ್ಮ ಕಡೆಯವರು ನೀರಿನ ಅಂದಾಜು ಮಾಡುವುದು. ಆ ವಾರ ತಗ್ಗಿನ ಗದ್ದೆಗಳ ಬದುಗಳೆಲ್ಲ ನೀರಲ್ಲಿದ್ದವು. ನಮ್ಮ ದಿಬ್ಬದ ಕಾಲಿಗೂ ನೀರು ಬರಲಿಲ್ಲ. ಜಾಗ ಇದೇ ಎಂದು ಅವತ್ತೇ ಗಟ್ಟಿಯಾಯಿತು. ಗೂಡಿನ ಸೀಸನ್ ಇನ್ನೂ ಶುರುವಾಗುತ್ತಿತ್ತು, ಅದು ನಮ್ಮ ಪುಣ್ಯ.

ಆ ಸೀಸನ್‌ನಲ್ಲಿ ಇಪ್ಪತ್ತೈದರ ಆಸುಪಾಸು ಗೂಡು ಸಿಕ್ಕವು. ಅದರಲ್ಲಿ ಹದಿನಾಲ್ಕೋ ಹದಿನೈದೋ ಎತ್ತಿದೆವು. ಉಳಿದವು ಇದ್ದಲ್ಲೇ ಇರಲಿ ಎಂದು ಬಲೆ ಹೊದಿಸಿ ಬಿಟ್ಟೆವು. ಒಂದು ಗೂಡಿಗೆ ಸರಾಸರಿ ಎಂಟು ಮೊಟ್ಟೆ. ದುಂಡಗೆ, ಗಟ್ಟಿ ಚಿಪ್ಪು, ದೊಡ್ಡ ನೆಲ್ಲಿಕಾಯಿ ಗಾತ್ರ. ಹೊಸ ಗೂಡಾದರೆ ಬೆಳಗಿನ ತಂಪಿನಲ್ಲಿ ಎತ್ತಿದೆವು. ಎರಡು ಮೂರು ದಿನ ಕಳೆದಿದೆ ಎಂದು ಅನುಮಾನ ಬಂದರೆ ಎತ್ತಲೇ ಇಲ್ಲ. ಆ ರೈತರ ಜೊತೆ ಮಾತಾಡಿ, ಅಷ್ಟು ಜಾಗ ಉಳುಮೆ ಬಿಡಿಸಿ ಪರಿಹಾರ ಕೊಟ್ಟೆವು.

ಮಣ್ಣಿನ ಬಗ್ಗೆ ನನಗೆ ಬಲವಾದ ಅಭಿಪ್ರಾಯ ಇದೆ. ಹೊಳೆ ಮರಳು ಬೇಡ. ಬರೀ ಎರೆ ಮಣ್ಣೂ ಬೇಡ, ಅದು ಬೇಸಿಗೆಯಲ್ಲಿ ಬಿರಿದು ಮೊಟ್ಟೆಗೆ ಬಿಸಿಗಾಳಿ ತಾಗಿಸುತ್ತದೆ, ಮಳೆಗೆ ಅಂಟಾಗಿ ಮರಿಯನ್ನು ಹಿಡಿದುಕೊಳ್ಳುತ್ತದೆ. ಮೆಕ್ಕಲು ಮಣ್ಣಿಗೆ ಕೆಂಪು ಮಣ್ಣು ಬೆರೆಸಿ, ಒಂದು ಗೇಣು ಆಳದಲ್ಲಿ ಇಟ್ಟೆವು. ಮೊಟ್ಟೆಯ ಜೊತೆ ಮೂಲ ಗೂಡಿನ ಮಣ್ಣನ್ನೂ ಎರಡು ಹಿಡಿ ತಂದು ಸುತ್ತ ಹಾಕಿದೆವು. ಬೆರಕೆಯ ಅಳತೆ ನಿಮ್ಮ ಊರಿನ ಮಣ್ಣಿನ ಮೇಲೆ ಹೋಗುತ್ತದೆ, ನನ್ನದು ನಿಮಗೆ ಕೂಡಿ ಬರುವುದಿಲ್ಲ. ಮೇಲೆ ಜಿಐ ಮೆಶ್, ಅಂದರೆ ತುಕ್ಕು ಹಿಡಿಯದ ತಂತಿಬಲೆ. ಅಂಚನ್ನು ಒಂದು ಅಡಿ ನೆಲದೊಳಗೆ ಇಳಿಸಲೇಬೇಕು. ಉಡ ಪಕ್ಕದಿಂದ ತೋಡುತ್ತದೆ, ಮೇಲಿಂದ ಅಲ್ಲ.

ಇರುವೆಗೆ ಕೊನೆಗೂ ಒಂದು ಉಪಾಯ ಸಿಕ್ಕಿತು. ಬೂದಿ, ಬೇವಿನ ಹಿಂಡಿ ಎಲ್ಲರೂ ಹೇಳುತ್ತಾರೆ. ಎರಡನ್ನೂ ಮಾಡಿದ್ದೇನೆ, ಅರ್ಧ ಕೆಲಸ ಆಗುತ್ತದೆ. ಉಳಿದರ್ಧ ಕೆಲಸ ಮಾಡಿದ್ದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಸೀಸನ್ ನೋಡಿ, ಮೊಟ್ಟೆಗೆ ತೊಂದರೆ ಇಲ್ಲ ಎಂದು ಖಾತ್ರಿಯಾದ ಮೇಲೆ ಹೇಳುತ್ತೇನೆ. ಗೂಡು ಹುಡುಕುವ ನಮ್ಮ ಗುರುತುಗಳನ್ನಂತೂ ಬರೆಯುವುದೇ ಇಲ್ಲ. ಬೇಸಿಗೆಯಲ್ಲಿ ಒಣಗಿದ ಕೆರೆಗಳಲ್ಲಿ ಕಬ್ಬಿಣದ ಸರಳು ಚುಚ್ಚಿ, ಕೆಸರಿನಲ್ಲಿ ಮಲಗಿದ ಆಮೆಗಳನ್ನು ಮಾಂಸಕ್ಕೆ ಎತ್ತುವವರು ಇದ್ದಾರೆ. ಅವರೂ ಫೋನಿನಲ್ಲಿ ಎಲ್ಲ ಓದುತ್ತಾರೆ. ಕೆಲಸ ಮಾಡುವವರು ನೇರ ಬಂದರೆ ದಂಡೆಯ ಮೇಲೆ ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಆಮೇಲೆ ಕಾಯುವ ತಿಂಗಳುಗಳು. ಮಾಡುವ ಕೆಲಸಕ್ಕಿಂತ ಮಾಡದಿರುವ ಕೆಲಸವೇ ಕಷ್ಟ. ಕಾವಲಿನ ಹುಡುಗನಿಗೆ ಫೆಬ್ರವರಿಯಲ್ಲೇ ಕೈ ತುರಿಕೆ ಶುರುವಾಯಿತು. "ಅಣ್ಣಾ, ಒಂದೇ ಒಂದು ಕೊಡ ನೀರು ಹಾಕ್ಲಾ? ನೆಲ ಕಾದ ಹೆಂಚಾಗ್ಯದ" ಎನ್ನುತ್ತಿದ್ದ. ಕರಾವಳಿಯ ಗೆಳೆಯರು ಬಂದು ನೋಡಿ, ಇಷ್ಟು ತಿಂಗಳಾದ ಮೇಲೆ ಏನೂ ಇರುವುದಿಲ್ಲ, ಬಗೆದು ಬಿಸಾಡಿ ಎಂದರು. ಅನುಮತಿ ಪತ್ರದಲ್ಲಿ ವರದಿ ಕೊಡಬೇಕಾದ ತಾರೀಕು ಇತ್ತು. ಮಾರ್ಚ್‌ನಲ್ಲಿ ಕೊಡಲು ನನ್ನ ಹತ್ತಿರ ಇದ್ದದ್ದು ಮಣ್ಣಿನ ಉಷ್ಣತೆಯ ಪಟ್ಟಿ ಮಾತ್ರ. ಒಬ್ಬ ಅಧಿಕಾರಿ ಅದನ್ನು ನೋಡಿ, ಇದರಲ್ಲಿ ಆಮೆ ಎಲ್ಲಿದೆ ಎಂದು ಕೇಳಿದರು. ಜೂನ್‌ವರೆಗೆ ಸಮಯ ಕೊಡಿ ಸಾರ್ ಎಂದು ಬರೆದುಕೊಟ್ಟು ಬಂದೆ.

ಆ ಪಟ್ಟಿ ಮಾತ್ರ ನನಗೆ ಬಂಗಾರ. ಉಷ್ಣತೆಯನ್ನು ತಾನೇ ದಾಖಲಿಸುವ ನಾಲ್ಕು ಲಾಗರ್ ಹೂತಿದ್ದೆ. ಡಿಸೆಂಬರ್ ಕೊನೆಯ ಬೆಳಗುಗಳಲ್ಲಿ ಗೂಡಿನ ಆಳದಲ್ಲಿ ಹತ್ತೊಂಬತ್ತು ಇಪ್ಪತ್ತಕ್ಕೆ ಇಳಿಯುತ್ತಿತ್ತು. ಏಪ್ರಿಲ್‌ನಲ್ಲಿ ಮೂವತ್ಮೂರು ದಾಟುತ್ತಿತ್ತು. ಇಷ್ಟು ಬಿಸಿಯಾದರೆ ಎಲ್ಲ ಹೆಣ್ಣೇ ಹುಟ್ಟುತ್ತವಲ್ಲ, ನೆರಳು ಕಟ್ಟಿ ಎಂದು ಕಡಲಾಮೆಯವರು ಹೆದರಿಸುತ್ತಾರೆ. ಮೆತ್ತನೆ ಚಿಪ್ಪಿನ ಆಮೆಗಳಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಇವುಗಳ ಗಂಡು ಹೆಣ್ಣು ತೀರ್ಮಾನ ಆಗುವುದು ವರ್ಣತಂತುಗಳಿಂದ, ಮಣ್ಣಿನ ಬಿಸಿಯಿಂದ ಅಲ್ಲ. ಸುಮ್ನೆ ನೆರಳಿನ ಬಲೆಗೆ ದುಡ್ಡು ಹಾಕಬೇಡಿ.

ಬದಿಯಲ್ಲಿ ಒಂದು ಪ್ರಯೋಗ ಇಟ್ಟಿದ್ದೆ. ಅನುಮತಿಯಲ್ಲೇ ಅದಕ್ಕೆ ಜಾಗ ಕೇಳಿದ್ದೆ. ಒಂದು ಗೂಡಿನ ಮೊಟ್ಟೆಗಳನ್ನು ಮೂರು ಮಣ್ಣಿನ ಮಡಕೆಗೆ ಹಂಚಿದೆ. ಒಂದು ಮಡಕೆ ಮನೆಯೊಳಗೆ, ಒಲೆಯ ಗೋಡೆಗೆ ತಾಗಿ, ಚಳಿ ತಟ್ಟದ ಹಾಗೆ. ಒಂದು ದಿಬ್ಬದಲ್ಲಿ, ಆದರೆ ಫೆಬ್ರವರಿಯಿಂದ ವಾರಕ್ಕೊಮ್ಮೆ ನೀರು. ಇನ್ನೊಂದು ದಿಬ್ಬದಲ್ಲಿ ಒಣಗಿ. ಒಲೆಯ ಗೋಡೆಯ ಮಡಕೆಯಲ್ಲಿ ಏಪ್ರಿಲ್‌ವರೆಗೂ ಏನೂ ಬೆಳೆಯಲಿಲ್ಲ, ಕೊನೆಗೆ ಹಾಳಾಯಿತು. ನೀರು ಹಾಕಿದ್ದರಲ್ಲಿ ಬೂಷ್ಟು. ಒಣ ಮಡಕೆಯ ಮೂರರಲ್ಲಿ ಎರಡು ಮರಿಯಾದವು. ಒಂದೇ ಗೂಡು, ಕೆಲವೇ ಮೊಟ್ಟೆ, ಇದರಿಂದ ಶಾಸ್ತ್ರ ಬರೆಯಲಾಗದು. ನನ್ನ ಮಟ್ಟಿಗೆ ಸಾಕಾಯಿತು. ಮುಂದೆ ಇಂಥದ್ದಕ್ಕೆ ಮೊಟ್ಟೆ ಖರ್ಚು ಮಾಡುವುದಿಲ್ಲ.

2025ರಲ್ಲಿ ಮಳೆ ಬೇಗ ಬಂತು. ಮೇ 24ಕ್ಕೇ ಕೇರಳಕ್ಕೆ ಮುಂಗಾರು ಮುಟ್ಟಿತು, ನಮ್ಮ ಕಡೆ ಅದಕ್ಕೂ ಮೊದಲೇ ಒಳ್ಳೆ ಮಳೆಯಾಗಿತ್ತು. ಒಳಗೆ ಬೆಳವಣಿಗೆ ಮುಗಿದಿರುತ್ತದೋ ಇಲ್ಲವೋ ಎಂದು ನನಗೆ ಚಿಂತೆ. ರೋಹಿಣಿ ಕೂಡಿ ನಾಲ್ಕೈದು ದಿನಕ್ಕೆ ಮೊದಲ ಗೂಡು ಎದ್ದಿತು. ರಾತ್ರಿ ಮಳೆ ನಿಂತ ಮೇಲೆ ಮಣ್ಣು ಅಲ್ಲಾಡಿತು, ಒಂದರ ಹಿಂದೆ ಒಂದು ಮೂತಿ. ಆಮೇಲೆ ಎರಡು ವಾರ ನಿದ್ದೆ ಇಲ್ಲ. ಮೆಶ್ ಕೆಳಗೆ ಮರಿ ಸಿಕ್ಕಿಕೊಳ್ಳದ ಹಾಗೆ ಸರದಿಯಲ್ಲಿ ಕಾಯಬೇಕು. ಹತ್ತಿರ ಹತ್ತಿರ ನೂರಹತ್ತು ಮೊಟ್ಟೆಗೆ ಎಪ್ಪತ್ತೈದು ಮರಿ. ಇದ್ದಲ್ಲೇ ಬಿಟ್ಟ ಗೂಡುಗಳಲ್ಲಿ ಮೂರೋ ನಾಲ್ಕೋ ಹಂದಿ ಪಾಲಾದವು, ಟ್ರ್ಯಾಕ್ಟರ್ ಪಾಲಾದವು. ಒಣ ಬದುವಿನ ಮೇಲಿದ್ದವು ಚೆನ್ನಾಗಿ ಎದ್ದವು. ಗದ್ದೆಗೆ ತಾಗಿ ಒದ್ದೆಯಲ್ಲಿದ್ದವು ಬಹುಪಾಲು ಹೋದವು.

ಎರಡು ಗೂಡು ಮಾತ್ರ ಮಳೆಗೆ ಏಳಲಿಲ್ಲ. ದಿಬ್ಬದ ಆ ಮೂಲೆಗೆ ಜಾಲಿ ಮರದ ಅಡ್ಡ, ಮಳೆ ನೇರ ಬೀಳುತ್ತಿರಲಿಲ್ಲ. ರೋಸ್‌ಕ್ಯಾನ್‌ನಲ್ಲಿ ಎರಡು ಸಂಜೆ ನೀರು ಹಾಕಿದೆ. ಮಾರನೇ ರಾತ್ರಿ ಎದ್ದವು. ನೀರಿಗೂ ಸಮಯ ಇದೆ. ಫೆಬ್ರವರಿಯಲ್ಲಿ ಕೊಲ್ಲುವ ನೀರೇ ಜೂನ್‌ನಲ್ಲಿ ಎಬ್ಬಿಸುತ್ತದೆ.

ಮರಿ ಬಿಡುವ ವಿಷಯದಲ್ಲಿ ಜಗಳ ಇದೆ, ನನಗೆ ಗೊತ್ತು. ಒಂದು ವರ್ಷ ತೊಟ್ಟಿಯಲ್ಲಿ ಸಾಕಿ ದೊಡ್ಡದು ಮಾಡಿ ಬಿಡಬೇಕು ಎನ್ನುವವರು ಬಹಳ. ಕೆಲವು ಮರಿಗಳನ್ನು ಇಲಾಖೆಯವರ ಸಮಕ್ಷಮದಲ್ಲಿ ಸಿಮೆಂಟ್ ತೊಟ್ಟಿಯಲ್ಲಿ ಇಟ್ಟು ನೋಡಿದೆವು. ಒಂದನ್ನೊಂದು ಕಚ್ಚುತ್ತವೆ. ಮೈಮೇಲೆ ಬಿಳಿ ಮಚ್ಚೆ ಬರುತ್ತದೆ. ಉಪ್ಪುನೀರು, ದಿನಾ ತೊಟ್ಟಿ ತೊಳೆಯುವುದು, ಮೀನು, ಹುಳು, ತಿಂಗಳಿಗೆ ಮೂರು ಸಾವಿರ ಹೋಯಿತು. ಎರಡು ತಿಂಗಳಲ್ಲಿ ನಿಲ್ಲಿಸಿದೆವು. ಈಗ ಹುಟ್ಟಿದ ರಾತ್ರಿಯೇ ಬಿಡುತ್ತೇವೆ. ದೊಡ್ಡ ಮಡುವಿಗೆ ಅಲ್ಲ, ಅಲ್ಲಿ ದೊಡ್ಡ ಮೀನುಗಳಿವೆ. ಜೊಂಡು ಬೆಳೆದ, ಮೊಣಕಾಲುದ್ದ ನೀರಿನ ಹಳ್ಳದ ಅಂಚಿಗೆ, ಚದುರಿಸಿ. ಬಕ ಏಳುವುದಕ್ಕೆ ಮೊದಲು ಕೆಲಸ ಮುಗಿದಿರಬೇಕು.

ಇನ್ನು ದುಡ್ಡು. ಆ ಒಂದು ಸೀಸನ್‌ಗೆ ಒಂದು ಲಕ್ಷದ ಮೇಲೆ ಹದಿನೈದು ಸಾವಿರದ ಆಸುಪಾಸು ಆಯಿತು. ಕಾವಲಿನ ಹುಡುಗನಿಗೆ ತಿಂಗಳಿಗೆ ಆರು ಸಾವಿರದಂತೆ ಎಂಟು ತಿಂಗಳು. ಮೆಶ್, ಕಂಬ, ತಂತಿ ಹದಿನಾಲ್ಕು. ಲಾಗರ್‌ಗಳಿಗೂ ಅಷ್ಟೇ. ಉಳುಮೆ ಬಿಟ್ಟ ರೈತರಿಗೆ ಪರಿಹಾರ, ಗೂಡು ತೋರಿಸಿದವರಿಗೆ ಕೊಟ್ಟದ್ದು ಸೇರಿ ಇಪ್ಪತ್ತೈದು. ಉಳಿದದ್ದು ಪೆಟ್ರೋಲ್, ಹರಿಗೋಲು, ಟಾರ್ಚು. ಒಂದು ಸಂಸ್ಥೆ ಅರ್ಧ ಕೊಡುತ್ತೇನೆ ಎಂದಿತ್ತು. ಬರಲಿಲ್ಲ. ನನ್ನ ಬಾಳೆಯ ದುಡ್ಡು, ಗೆಳೆಯರ ಚಂದಾ, ಅಷ್ಟರಲ್ಲೇ ನಡೆಯಿತು. ಭಾಗಿಸಿದರೆ ಒಂದು ಮರಿಗೆ ಸಾವಿರದೈನೂರು ಬೀಳುತ್ತದೆ. ಜಾಸ್ತಿ ಆಯಿತು ಎಂದವರಿಗೆ ನನ್ನ ಉತ್ತರ ಇಷ್ಟೇ. ಮೆಶ್ ಮತ್ತು ಲಾಗರ್ ಐದು ವರ್ಷ ಬಾಳುತ್ತವೆ. ಮುಂದಿನ ಸಲ ಖರ್ಚು ಕಾಲು ಭಾಗ ಇಳಿಯುತ್ತದೆ. ಮೊದಲಿನ ಎರಡು ದಾರಿಗಳಲ್ಲಿ ಐವತ್ತು ಸಾವಿರ ಹಾಕಿ ಒಂದೂ ಮರಿ ಕಂಡಿರಲಿಲ್ಲ.

ಕೊನೆಯದಾಗಿ ಲೀತ್ ಆಮೆ. ನಮ್ಮ ಪರ್ಯಾಯ ದ್ವೀಪದ ನದಿಗಳಲ್ಲಿ ಮಾತ್ರ ಇರುವ ದೊಡ್ಡ ಮೆತ್ತನೆ ಚಿಪ್ಪಿನ ಆಮೆ ಅದು. ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2021ರಲ್ಲಿ ಅದನ್ನು ತೀವ್ರ ಅಪಾಯದಂಚಿನ ಪಟ್ಟಿಗೆ ಸೇರಿಸಿತು. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ 2022ರ ಸಭೆಯಲ್ಲಿ ಭಾರತದ ಪ್ರಸ್ತಾವದ ಮೇಲೆ ಮೊದಲ ಅನುಬಂಧಕ್ಕೆ ಏರಿತು, ಅಂದರೆ ದೇಶದಿಂದ ದೇಶಕ್ಕೆ ವ್ಯಾಪಾರ ಪೂರ್ತಿ ಬಂದ್. ನಮ್ಮ ಹರಿವಿನಲ್ಲಿ ದೊಡ್ಡವು ಅಪರೂಪಕ್ಕೆ ಗಾಳಕ್ಕೆ ಬೀಳುತ್ತವೆ. ಮೀನುಗಾರರ ಜೊತೆ ಒಂದು ಒಪ್ಪಂದ ಇದೆ. ಗಾಳದ ದಾರ ಕತ್ತರಿಸಿ ಬಿಟ್ಟು, ಫೋಟೋ ತೋರಿಸಿದರೆ ಗಾಳ, ದಾರದ ದುಡ್ಡು ನಾನು ಕೊಡುತ್ತೇನೆ. ಬಲೆ ಹರಿದರೆ ಬಲೆಯದೂ. ಅದರ ಗೂಡು ನಮಗೆ ಇನ್ನೂ ಸಿಕ್ಕಿಲ್ಲ. ಫ್ಲ್ಯಾಪ್‌ಶೆಲ್‌ಗೆ ನಡೆದ ಕ್ರಮ ಅದಕ್ಕೂ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಸಿಕ್ಕರೆ ಮೊದಲ ವರ್ಷ ಒಂದು ಮೊಟ್ಟೆಯನ್ನೂ ಎತ್ತುವುದಿಲ್ಲ. ಸುತ್ತ ಮೆಶ್, ಪಕ್ಕದಲ್ಲಿ ಎರಡು ಲಾಗರ್, ಒಬ್ಬ ಕಾವಲು, ಅಷ್ಟೇ.

ಈ ಸಲದ ಹುಬ್ಬೆ ಮಳೆಗೆ ದಿಬ್ಬದ ಜಾಲಿ ಕಡಿಸಿ ಇನ್ನೂ ಹತ್ತು ಗೂಡಿಗೆ ಜಾಗ ಮಾಡುತ್ತಿದ್ದೇನೆ. ನಿಮ್ಮ ಕಡೆ ಮೂರು ತಿಂಗಳು ಕಳೆದ, ವಾಸನೆ ಬಾರದ ಮೊಟ್ಟೆಗಳಿದ್ದರೆ ಬಿಸಾಡಬೇಡಿ. ನೀರು ನಿಲ್ಲಿಸಿ, ಒಣ ಜಾಗಕ್ಕೆ ಬಿಡಿ, ಮೃಗಶಿರ ಮುಗಿಯುವವರೆಗೆ ನೋಡಿ. ಮಣ್ಣಿನ ಉಷ್ಣತೆ ಬರೆದಿಟ್ಟಿದ್ದರೆ ನನಗೂ ಒಂದು ಪ್ರತಿ ಕೊಡಿ, ನನ್ನ ಪಟ್ಟಿಯ ಜೊತೆ ಇಟ್ಟು ನೋಡಬೇಕು.